ಬುಧವಾರ ಮಧ್ಯಾಹ್ನದ ವಿಡಿಯೊ

ಉರ್ವ, ಮಂಗಳೂರು
೧೫ ಫೆಬ್ರವರಿ ೨೦೨೬, ಆದಿತ್ಯವಾರ

ಪ್ರೀತಿಯ ಗ್ರೀಷ್ಮಾ,

ಕಳೆದ ಬುಧವಾರ, ಫೆಬ್ರವರಿ ಹನ್ನೊಂದರಂದು, ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ನೀನು ನನಗೊಂದು ಸುಳ್ಳು ಕಳಿಸಿದೆ. ಹದಿನೆಂಟು ಸೆಕೆಂಡಿನ ಸುಳ್ಳು. ಅದರಲ್ಲಿ ನನ್ನ ನಾಯಿ ಬೊಗ್ಗು ಕಾಟಿಪಳ್ಳದ ನಿನ್ನ ಡೇಕೇರಿನ ಹಸಿರು ಹಾಸಿನ ಮೇಲೆ ಚೆಂಡು ಕಚ್ಚಿಕೊಂಡು ಓಡುತ್ತಾನೆ, ತಿರುಗಿ ಕ್ಯಾಮೆರಾ ನೋಡುತ್ತಾನೆ, ಬಾಲ ಆಡಿಸುತ್ತಾನೆ. ಕೆಳಗೆ ನೀನು ಬರೆದದ್ದು: ‘ಈಗಿನದ್ದು ಟೀಚರೇ. ಫುಲ್ ಖುಷಿಯಲ್ಲಿದ್ದಾನೆ.’

ಶುಕ್ರವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಆದ್ದರಿಂದ ಈ ಕಾಗದ. ನಿನಗೆ ಏಳನೇ ತರಗತಿಯಲ್ಲಿ ಪತ್ರಲೇಖನ ಕಲಿಸಿದವಳು ನಾನೇ. ಹಾಗಾಗಿ ಪೂರ್ತಿ ಓದುತ್ತೀ ಎಂದು ನಂಬಿದ್ದೇನೆ.

ಆ ಹೊತ್ತಿಗೆ ನಾನು ಎಲ್ಲಿದ್ದೆನೆಂದು ನಿನಗೆ ಗೊತ್ತು. ಫಳ್ನೀರಿನ ಆಸ್ಪತ್ರೆಯ ಎರಡನೇ ಮಹಡಿ. ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ಒಳಗಿನದ್ದನ್ನು ಪರೀಕ್ಷೆಗೆ ತೆಗೆಯಬೇಕಿತ್ತು. ಪಕ್ಕದಲ್ಲಿ ನನ್ನ ತಂಗಿ ಸುಂದರಿ ಕೂತು ಜಪ ಮಾಡುತ್ತಿದ್ದಳು. ನಾನು ಜಪ ಮಾಡಲಿಲ್ಲ, ನಿನ್ನ ವಿಡಿಯೊ ನೋಡಿದೆ. ಹತ್ತೋ ಹನ್ನೆರಡೋ ಸಲ ನೋಡಿರಬೇಕು. ಆ ಮೂಕಪ್ರಾಣಿ ಅಷ್ಟು ದೂರದಲ್ಲಿ, ಗುರುತಿಲ್ಲದವರ ನಡುವೆ, ಧೈರ್ಯದಿಂದ ಆಡುತ್ತಿದ್ದರೆ ನನಗೇನು ದಾಡಿ ಎಂದುಕೊಂಡು ಎದ್ದು ಒಳಗೆ ಹೋದೆ. ಸೂಜಿ ಚುಚ್ಚುವಾಗ ಕಣ್ಣ ಮುಂದೆ ಇದ್ದದ್ದು ಆ ಹಸಿರು ಹಾಸು.

ಸಂಜೆ ಐದೂವರೆಗೆ ನಿನ್ನ ವ್ಯಾನ್ ಬೊಗ್ಗುವನ್ನು ಉರ್ವ ಮಾರುಕಟ್ಟೆಯ ಹತ್ತಿರ ಇಳಿಸಿತು. ಅವನು ನನ್ನ ಮೇಲೆ ಹಾರಲಿಲ್ಲ. ನೆಲ ಮೂಸುತ್ತಾ, ಗೋಡೆಗೆ ಒತ್ತಿಕೊಂಡು ನಡೆದ. ಮನೆಗೆ ಬಂದವನೇ ನನ್ನ ಹೊಲಿಗೆ ಮಿಷನ್ನಿನ ಕೆಳಗೆ ನುಗ್ಗಿದ. ಮೈ ನಡುಗುತ್ತಿತ್ತು. ಕುಕ್ಕರ್ ಕೂಗಿದಾಗ ಅಲ್ಲೇ ಉಚ್ಚೆ ಹೊಯ್ದ.

ಆಗ ನಾನು ಮಾಡಿದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನೀನು ಕೊಟ್ಟಿದ್ದ ‘ನಿಮ್ಮ ನಾಯಿಯನ್ನು ಡೇಕೇರಿಗೆ ಕಳಿಸುವಾಗ ಏನನ್ನು ನಿರೀಕ್ಷಿಸಬಹುದು’ ಎಂಬ ಆ ಬಣ್ಣದ ಕಾಗದವನ್ನು ತೆಗೆದು, ಕನ್ನಡಕ ಹಾಕಿ ಓದಿದೆ. ಮೊದಲ ಪೂರ್ತಿ ದಿನದ ನಂತರ ನಾಯಿ ಸುಸ್ತಾಗಿರಬಹುದು, ಊಟ ಬಿಡಬಹುದು, ಮೂಲೆ ಹುಡುಕಬಹುದು, ಗಾಬರಿಯಾಗಬೇಡಿ. ಎಲ್ಲವೂ ಅದರಲ್ಲಿತ್ತು. ಅವನ ನಡುಕಕ್ಕೂ ಅಲ್ಲೊಂದು ಸಾಲು ಸಿಕ್ಕಿತು. ಜೀವಮಾನವಿಡೀ ಅಚ್ಚಾದದ್ದನ್ನು ನಂಬಿದವಳು ನಾನು. ಕಣ್ಣೆದುರಿನ ನಾಯಿಯನ್ನು ಬಿಟ್ಟು ಕಾಗದವನ್ನು ನಂಬಿದೆ.

ಗುರುವಾರ ಬೆಳಿಗ್ಗೆ ಅವನ ಕಾಲು ಒರೆಸಲು ಕೂತಾಗ ಪಂಜದ ಅಡಿ ಸುಲಿದಿತ್ತು. ಬೆರಳುಗಳ ಎಡೆಯಲ್ಲಿ ಕಪ್ಪು ಎಣ್ಣೆ. ಹೊಟ್ಟೆಯ ಕೂದಲಲ್ಲಿ ಹುಲ್ಲಿನ ಬೀಜ ಅಂಟಿಕೊಂಡಿತ್ತು. ನಿನ್ನ ಅಂಗಳದಲ್ಲಿ ಪ್ಲಾಸ್ಟಿಕ್ ಹಾಸು ಬಿಟ್ಟರೆ ಸಿಮೆಂಟು, ಹುಲ್ಲು ಎಲ್ಲಿಂದ ಬಂತು? ಆಮೇಲೆ ಬಲಗಾಲು ನೋಡಿದೆ. ಸೋಮವಾರ ಅವನ ರಕ್ತ ತೆಗೆಯಲಿಕ್ಕೆಂದು ಡಾಕ್ಟರು ಬಲ ಮುಂಗಾಲಿನ ಕೂದಲನ್ನು ಎರಡು ಇಂಚಿನಷ್ಟು ಬೋಳಿಸಿದ್ದರು. ಫೋನ್ ತೆಗೆದು ನಿನ್ನ ವಿಡಿಯೊವನ್ನು ಮತ್ತೆ ಹಾಕಿದೆ. ಅದರಲ್ಲಿ ಬೊಗ್ಗುವಿನ ಎರಡೂ ಕಾಲುಗಳ ತುಂಬ ಕೂದಲು. ಅದು ಜನವರಿಯಲ್ಲಿ ಪರಿಚಯಕ್ಕೆಂದು ಅರ್ಧ ದಿನ ಬಿಟ್ಟಿದ್ದೆನಲ್ಲ, ಆ ದಿನದ್ದು.

ಈಗಿನದ್ದಲ್ಲವಾದರೆ, ಆಗ ಅವನು ಎಲ್ಲಿದ್ದ?

ಕೂಡಲೇ ನಿನಗೆ ಫೋನ್ ಮಾಡಿದೆ. ‘ಎಂತದ್ದೂ ಆಗ್ಲಿಲ್ಲ ಟೀಚರೇ, ನೀವು ಸುಮ್ಮನೆ ಟೆನ್ಶನ್ ಮಾಡುದು ಮಾರಾಯ್ರೇ, ಅವ ಇಲ್ಲಿ ರಾಜನ ಹಾಗೆ ಇದ್ದ’ ಎಂದೆ ನೀನು. ನಿನ್ನ ದನಿ ಹನ್ನೆರಡು ವರ್ಷದ ಹುಡುಗಿಯದ್ದಾಗಿತ್ತು. ಆ ದನಿಯನ್ನು ನಾನು ಮೊದಲೂ ಕೇಳಿದ್ದೇನೆ. ಎಲ್ಲಿ ಎಂದು ಮುಂದೆ ಹೇಳುತ್ತೇನೆ.

ಶುಕ್ರವಾರ ಎರಡು ಬಸ್ ಬದಲಿಸಿ ಕಾಟಿಪಳ್ಳಕ್ಕೆ ಬಂದೆ. ನಿನ್ನ ಗೇಟಿಗೆ ಬರಲಿಲ್ಲ. ರಿಕ್ಷಾ ನಿಲ್ಲುವಲ್ಲಿ ಕಾಸಿಂ ಎಂಬವನನ್ನು ಕೇಳಿದೆ, ಬುಧವಾರ ಇಲ್ಲಿ ಕಂದು ಬಣ್ಣದ ನಾಯಿಯೊಂದನ್ನು ಕಂಡಿರಾ ಎಂದು.

‘ಯಾವುದು, ಗ್ರೀಷ್ಮಕ್ಕನ ನಾಯಿಯಾ? ಅದಕ್ಕೆ ಆಯುಷ್ಯ ಗಟ್ಟಿ ಉಂಟು ಅಮ್ಮ’ ಎಂದ. ಹನ್ನೊಂದು ಗಂಟೆಗೆ ದೇವಸ್ಥಾನಕ್ಕೆ ಹೋಗುವ ಹೊರೆಕಾಣಿಕೆಯ ಮೆರವಣಿಗೆ ಬಂತಂತೆ, ನಿನ್ನ ಗೇಟಿನ ಎದುರಿಗೇ ಗರ್ನಾಲ್ ಸಿಡಿಸಿದರಂತೆ. ಆ ಪಟಾಕಿಗೆ ಕಿಟಕಿಯ ಗಾಜು ಅದುರುತ್ತದೆ, ನಾಯಿಯ ಎದೆ ಏನಾಗಬೇಕು. ಅದೇ ಹೊತ್ತಿಗೆ ಯಾರೋ ಗೇಟು ತೆಗೆದಿದ್ದರಂತೆ. ‘ಆ ನಾಯಿ ರಿಫೈನರಿ ರೋಡಲ್ಲಿ ಟ್ಯಾಂಕರ್‌ಗಳ ಎಡೆಯಲ್ಲಿ ಓಡಿದ್ದು. ಹಿಂದೆ ಗ್ರೀಷ್ಮಕ್ಕ, ಕಾಲಲ್ಲಿ ಚಪ್ಪಲಿ ಇಲ್ಲ. ಅವರ ಓಟ ನೀವು ನೋಡ್ಬೇಕಿತ್ತು, ಒಲಿಂಪಿಕ್ಸಿಗೆ ಕಳಿಸ್ಬಹುದು’ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಅವನೂ ಅರ್ಧದಲ್ಲೇ ನಿಲ್ಲಿಸಿ, ರಿಕ್ಷಾದ ಸೀಟು ಒರೆಸಿ ‘ಕೂತ್ಕೊಳ್ಳಿ ಅಮ್ಮ’ ಎಂದ. ಉಳಿದದ್ದನ್ನು ಮೆಲ್ಲಗೆ ಹೇಳಿದ. ನಾಯಿ ರಸ್ತೆಯ ಅಡಿಯ ಮೋರಿಯೊಳಗೆ ಹೊಕ್ಕಿತ್ತು, ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ನೀನೇ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ ಹೊರಗೆ ತಂದೆ. ಆಗ ಮಧ್ಯಾಹ್ನ ಮೂರು ಗಂಟೆ ಆಗಿತ್ತು.

ಹನ್ನೊಂದರಿಂದ ಮೂರು. ನಾನು ಆಸ್ಪತ್ರೆಯಲ್ಲಿ ನಿನ್ನ ವಿಡಿಯೊದಿಂದ ಧೈರ್ಯ ತೆಗೆದುಕೊಳ್ಳುತ್ತಿದ್ದಾಗ ಅವನು ಆ ಕತ್ತಲಲ್ಲಿದ್ದ, ತಲೆಯ ಮೇಲೆ ಟ್ಯಾಂಕರುಗಳು ಹೋಗುತ್ತಿದ್ದವು.

ಗ್ರೀಷ್ಮಾ, ಮೋರಿಯೊಳಗೆ ತೆವಳಿದವಳು ಹೇಡಿಯಲ್ಲ. ಆದರೆ ಅದೇ ಮೋರಿಯ ಬಾಯಲ್ಲಿ ನಿಂತು, ಫೋನಿನಲ್ಲಿ ಹಳೆಯ ವಿಡಿಯೊ ಹುಡುಕಿ, ‘ಈಗಿನದ್ದು’ ಎಂದು ಬರೆದವಳೂ ನೀನೇ.

ನನ್ನ ನೆನಪು ಕೆಟ್ಟದ್ದು, ಏನನ್ನೂ ಬಿಡುವುದಿಲ್ಲ. ೨೦೦೫ರ ಜುಲೈ. ಶಾಲೆಯ ಮಳೆಮಾಪಕಕ್ಕೆ ನೀನು ಲೀಡರ್. ಅದರೊಳಗಿನ ಗಾಜಿನ ಬಾಟಲಿ ನಿನ್ನ ಕೈಯಿಂದ ಬಿದ್ದು ಒಡೆದಿತ್ತು. ನೀನು ಯಾರಿಗೂ ಹೇಳದೆ ನಾಲ್ಕು ದಿನ ರಿಜಿಸ್ಟರಿನಲ್ಲಿ ಲೆಕ್ಕ ಬರೆದೆ: ಮೂವತ್ತೆರಡು ಮಿಲಿಮೀಟರ್, ನಲವತ್ತೊಂದು, ಇಪ್ಪತ್ತೆಂಟು, ಮೂವತ್ತಾರು. ಆ ನಾಲ್ಕು ದಿನವೂ ಬಿಸಿಲಿತ್ತು, ನಾನು ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದೆ. ಕೇಳಿದರೆ ‘ಎಂತದ್ದೂ ಆಗ್ಲಿಲ್ಲ ಟೀಚರ್’ ಎಂದೆ, ಇದೇ ದನಿಯಲ್ಲಿ. ಮರುದಿನ ಶಿಕ್ಷಣಾಧಿಕಾರಿ ಬರುವವರಿದ್ದರು. ನಾನು ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದೆ. ಅವರು ನೋಡಿ, ಎಷ್ಟು ಚೊಕ್ಕ ರಿಜಿಸ್ಟರ್ ಎಂದು ಹೊಗಳಿದರು. ನಿನಗೆ ಪೆನ್ನು ಬಹುಮಾನ ಬಂತು. ಚೊಕ್ಕವಾಗಿ ಬರೆದರೆ ಸಾಕು ಎಂಬ ಪಾಠ ನಿನಗೆ ಅಂದು ಸಿಕ್ಕಿದ್ದರೆ, ಅದನ್ನು ಕಲಿಸಿದವಳು ಯಾರೆಂದು ನನಗೆ ಗೊತ್ತು.

ಇನ್ನು ಮುಖ್ಯ ವಿಷಯ. ಪರೀಕ್ಷೆಯ ವರದಿ ಬಂದಿದೆ. ಗಂಟು ತೆಗೆಯಲೇಬೇಕು. ಬರುವ ಗುರುವಾರ ಬೆಳಿಗ್ಗೆ ದಾಖಲಾಗಬೇಕು, ಒಂಬತ್ತು ದಿನ ಮನೆಗೆ ಬರುವ ಹಾಗಿಲ್ಲ. ಸುಂದರಿ ನನ್ನ ಜೊತೆ ಆಸ್ಪತ್ರೆಯಲ್ಲಿರಬೇಕು. ಬೊಗ್ಗು ಎಲ್ಲಿರಬೇಕು? ಅಪರಿಚಿತರ ಕೈಯಿಂದ ಅವನು ಊಟ ತಿನ್ನುವುದಿಲ್ಲ. ನನ್ನನ್ನು ಬಿಟ್ಟರೆ ಅವನು ತಿಂದದ್ದು ನಿನ್ನೊಬ್ಬಳ ಕೈಯಿಂದ.

ನನಗೆ ಹೆದರಿಕೆಯಾಗುತ್ತದೆ. ಚಾಕುವಿನದ್ದಲ್ಲ. ಎಚ್ಚರ ಬಂದಾಗ ಫೋನಿನಲ್ಲಿ ಒಂದು ವಿಡಿಯೊ ಬಂದಿರುತ್ತದಲ್ಲ, ಅದರದ್ದು. ಅವನು ಓಡುತ್ತಿರುತ್ತಾನೆ, ಬಾಲ ಆಡಿಸುತ್ತಿರುತ್ತಾನೆ. ನಾನು ಅವನ ಕಾಲಿನ ಕೂದಲು ಎಣಿಸಬೇಕಾಗುತ್ತದೆ.

ನಿನ್ನ ಡೇಕೇರಿನ ವಾಟ್ಸಾಪ್ ಗುಂಪಿನಲ್ಲಿ ನಲವತ್ತಮೂರು ಮನೆಯವರಿದ್ದಾರೆ. ಅವರೂ ದಿನಾ ಮಧ್ಯಾಹ್ನ ನಿನ್ನ ವಿಡಿಯೊ ನೋಡಿ ನೆಮ್ಮದಿಯಿಂದ ಊಟ ಮಾಡುತ್ತಾರೆ. ನನಗೆ ಗುಟ್ಟಾಗಿ ಕ್ಷಮೆ ಕೇಳಬೇಡ, ನಾನು ಕ್ಷಮಿಸಿಬಿಡುತ್ತೇನೆ, ಅಂದು ಸಹಿ ಹಾಕಿದ ಹಾಗೆ. ಅವರೆಲ್ಲರ ಎದುರು ಹೇಳು: ಬುಧವಾರ ಏನಾಯಿತು, ಹಳೆಯ ವಿಡಿಯೊವನ್ನು ಏಕೆ ಕಳಿಸಿದೆ, ಒಂದೇ ಗೇಟಿರುವ ಜಾಗಕ್ಕೆ ಒಳಗಡೆ ಎರಡನೆಯದ್ದು ಯಾವಾಗ ಬರುತ್ತದೆ.

ಇಂತಿ,
ನಿನ್ನ
ಹೇಮಾಕ್ಷಿ ಟೀಚರ್

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಡಿಸಿದೆ. ನಿನ್ನ ಡೇಕೇರಿನ ಅರ್ಜಿಯಲ್ಲಿ ಹದಿನೇಳನೆಯ ಪ್ರಶ್ನೆ, ‘ದೊಡ್ಡ ಶಬ್ದಕ್ಕೆ ಹೆದರುತ್ತದೆಯೇ? ತಪ್ಪಿಸಿಕೊಂಡು ಓಡಿದ್ದುಂಟೇ?’ ಎಂದಿತ್ತು. ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದ್ದೆ. ಹೋದ ದೀಪಾವಳಿಗೆ ಬೊಗ್ಗು ಕಾಂಪೌಂಡು ಹಾರಿ ಹೋಗಿ ಎರಡು ದಿನ ಸಿಕ್ಕಿರಲಿಲ್ಲ. ನಿಜ ಬರೆದದ್ದಕ್ಕೆ ಇನ್ನೊಂದು ಡೇಕೇರಿನವರು ಅವನನ್ನು ಬೇಡ ಎಂದಿದ್ದರು. ನೀನೂ ಬೇಡ ಎನ್ನುತ್ತೀ ಎಂದು ಹೆದರಿದೆ. ಗೊತ್ತಿದ್ದರೆ ಆ ದಿನ ನೀನು ಅವನನ್ನು ಒಳಗಿನ ಕೋಣೆಯಲ್ಲಿ ಇಡುತ್ತಿದ್ದೆ. ಈ ಕಾಗದದ ಪ್ರತಿ ಪುಟದ ಫೋಟೊ ತೆಗೆದು ಗುಂಪಿಗೆ ಹಾಕು, ಈ ತಾಜಾ ಕಲಮನ್ನೂ ಸೇರಿಸಿ. ನನ್ನ ಸುಳ್ಳು ಮೊದಲು ಹೋಗಲಿ. ಅದರ ಕೆಳಗೆ, ಬರುವ ಬುಧವಾರ ಸಂಜೆಯೊಳಗೆ, ಎಲ್ಲರೂ ಓದುವ ಹಾಗೆ ನಿನ್ನ ಉತ್ತರ ಬರಬೇಕು. ಬಂದರೆ ಗುರುವಾರ ಬೆಳಿಗ್ಗೆ ಆರಕ್ಕೆ ಬೊಗ್ಗುವನ್ನು ನಿನ್ನ ಕೈಗೇ ಕೊಟ್ಟು ಆಸ್ಪತ್ರೆಗೆ ಹೋಗುತ್ತೇನೆ. ಬರದಿದ್ದರೆ ನಾನು ಹೋಗುವುದಿಲ್ಲ. ಉತ್ತರ ಕೊಡು, ಗ್ರೀಷ್ಮಾ.