ಭಾನುವಾರ ರಜೆ ಹಾಕುತ್ತಿದ್ದ ದಾಳಿಕೋರರಿಗೆ

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಒಂದೇ ಮನೆಯಲ್ಲಿ ಒಂಬತ್ತು ವರ್ಷ ಇದ್ದೂ ನಿಮಗೆ ಒಂದು ಸಾಲು ಬರೆದವಳಲ್ಲ ನಾನು. ಬರೆಯುವ ಅಗತ್ಯವಾದರೂ ಏನಿತ್ತು? ನನ್ನ ಕೆಲಸದ ಕೋಣೆಗೂ ನಿಮ್ಮ ಕೋಣೆಗೂ ನಡುವೆ ಒಂದು ಗೋಡೆ. ಆ ಕಡೆ ನೀವು ಕೆಮ್ಮಿದರೆ ಈ ಕಡೆ ನನಗೆ ಗಂಟೆ ಎಷ್ಟಾಯಿತೆಂದು ಗೊತ್ತಾಗುತ್ತಿತ್ತು. ಈಗ ಫೋನಿನಲ್ಲೇ ಹೇಳಿಬಿಡೋಣವೆಂದರೆ ಮೂರು ನಿಮಿಷ ಮುಗಿಯುವುದರೊಳಗೆ ಇಟ್ಟುಬಿಡುತ್ತೀರಿ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಟೆಸ್ಟ್ ಮಾಡಿದವರಿಗೆ, ಸುಮ್ಮನೆ ಲೈನ್ ಹಿಡಿದುಕೊಂಡು ಮಾತಾಡುವವರನ್ನು ಕಂಡರೆ ಇವತ್ತಿಗೂ ಆಗುವುದಿಲ್ಲ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ನಾನು ನಿಮಗೊಂದು ಸುಳ್ಳು ಹೇಳಿದ್ದೇನೆ. ನೀವೂ ನನಗೊಂದು ಸುಳ್ಳು ಹೇಳಿ ಮಗಳ ಮನೆಗೆ ಹೋಗಿ ಕೂತಿದ್ದೀರಿ. ನಿಮ್ಮ ಸುಳ್ಳಿನ ಮಾತು ಆಮೇಲೆ. ಚಿಕ್ಕವಳು ನಾನು, ನನ್ನದನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ಶುರುವಾದದ್ದು ನನ್ನ ಗಿರಾಕಿಗಳಾದ ಡ್ರೈವಿಂಗ್ ಶಾಲೆಯವರಿಂದ. ಅವರ ವೆಬ್‌ಸೈಟು ಒಂದು ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿದ್ದುಕೊಂಡಿತ್ತು, ನನಗೆ ಗೊತ್ತೇ ಇರಲಿಲ್ಲ. ಅವರು ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಾಗಲೇ ಗೊತ್ತಾದದ್ದು. ಊಟಕ್ಕೆ ಕೂತಾಗ ನಾನು ಅತ್ತೆಯ ಮುಂದೆ, ಗಿರಾಕಿಗಳಿಗಿಂತ ಮೊದಲು ನನಗೆ ಗೊತ್ತಾಗಬೇಕಿತ್ತು, ಇದೊಂದು ಕೆಲಸವೇ ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ನೀವು ಇನ್ನೊಂದು ತುತ್ತು ಹಾಕಿಸಿಕೊಂಡು ಕೈ ತೊಳೆಯಲು ಎದ್ದಿರಿ. ಮಾವನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು ಎಂದುಕೊಂಡೆ. ಆ ತಪ್ಪಿಗೆ ನನಗೆ ಬೇಕಾದಷ್ಟು ಶಿಕ್ಷೆಯಾಗಿದೆ.

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನೀವು ಹೇಳುತ್ತಿದ್ದ ಮಾತು ನೆನಪಿದೆ. 'ನಮ್ಮ ಸೊಸೆ ದೊಡ್ಡ ಬಂಗಲೆಯಲ್ಲಿ ಒಂದು ಭಾಗ ಬಾಡಿಗೆಗೆ ಹಿಡಿದು ಅರವತ್ತಮೂರು ಜನಕ್ಕೆ ಒಳಬಾಡಿಗೆಗೆ ಕೊಟ್ಟಿದ್ದಾಳೆ.' ನಾನೇ ಅಷ್ಟು ಚೆನ್ನಾಗಿ ಹೇಳಲಾರೆ. ಸರ್ವರ್ ಎಂಬ ಆ ಬಂಗಲೆ ದೊಡ್ಡ ಕಂಪನಿಯದು. ಅದರಲ್ಲಿ ನನ್ನಂಥ ಇನ್ನೂ ಎಷ್ಟು ಜನ ಬಾಡಿಗೆದಾರರಿದ್ದಾರೋ ನನಗೂ ತಿಳಿಯದು. ನನ್ನ ಭಾಗದಲ್ಲಿ ಹಲ್ಲಿನ ಡಾಕ್ಟರು, ಬೇಕರಿಯವರು, ಬೀಗ ರಿಪೇರಿಯವರು, ಹಾಡುಗಾರರ ಗುಂಪು, ಈಜು ಶಾಲೆ, ಹೀಗೆ ಅರವತ್ತಮೂರು ಸಂಸಾರ. ಎಲ್ಲರಿಗೂ ಇರುವುದು ಒಂದೇ ನಲ್ಲಿ. ಒಬ್ಬರು ಬಿಟ್ಟುಕೊಂಡು ಕೂತರೆ ಉಳಿದವರ ಕೊಡ ತುಂಬುವುದಿಲ್ಲ.

ಡ್ರೈವಿಂಗ್ ಶಾಲೆಯ ಪ್ರಸಂಗವಾಗಿ ಒಂದೆರಡು ವಾರಕ್ಕೆ ಯಾರೋ ನಲ್ಲಿ ಬಿಟ್ಟುಕೊಂಡು ಕೂತರು. ಬೆಳಗ್ಗೆ ಹತ್ತಾಯಿತೋ, ಎಲ್ಲಾ ವೆಬ್‌ಸೈಟುಗಳೂ ತೆವಳತೊಡಗುತ್ತಿದ್ದವು. ಒಂದು ಪುಟ ತೆರೆಯುವುದರೊಳಗೆ ಅತ್ತೆ ಒಂದು ಸುತ್ತು ಚಹಾ ಮಾಡಿ ಮುಗಿಸಬಹುದಿತ್ತು. ಗಿರಾಕಿಗಳ ಫೋನು ಒಂದಾದ ಮೇಲೊಂದು. ನಾನು ದೊಡ್ಡ ಕಂಪನಿಗೆ ಖಾರವಾಗಿ ಬರೆದೆ. ನಿಮ್ಮ ಬೇರೆ ಬಾಡಿಗೆದಾರರ ಗಲಾಟೆಯಿಂದ ನಮ್ಮವರಿಗೆ ತೊಂದರೆಯಾಗುತ್ತಿದೆ, ಅವರನ್ನು ಮೊದಲು ಹದ್ದುಬಸ್ತಿನಲ್ಲಿಡಿ ಎಂದು. ಅವರಿಂದ ತಣ್ಣಗೆ ಉತ್ತರ ಬಂತು: ಗಲಾಟೆ ನಿಮ್ಮ ಮನೆಯದೇ, ಇದು ಮೊದಲ ಎಚ್ಚರಿಕೆ. ಒಂದು ವಾರ ಕಳೆದು ಅವರದೇ ಎರಡನೇ ಎಚ್ಚರಿಕೆ. ಮೂರನೆಯದು ಬಂದರೆ ನನ್ನ ಖಾತೆ ಮುಚ್ಚುತ್ತಾರೆ. ಅಂದರೆ ಅರವತ್ತಮೂರು ಸಂಸಾರವೂ ಒಂದೇ ಸಲಕ್ಕೆ ಬೀದಿಗೆ, ಅವರ ಹಿಂದೆ ನಾನು. ಅದೂ ಮುಂದಿನ ಸೋಮವಾರ ಬೆಳಗ್ಗೆ ಹತ್ತಕ್ಕೆ ಈಜು ಶಾಲೆಯ ದಾಖಲಾತಿ. ಮುನ್ನೂರು ತಾಯಂದಿರು ಒಟ್ಟಿಗೆ ಬಾಗಿಲು ತಟ್ಟುವ ದಿನ.

ನಾನು ಕೈ ತೊಳೆದುಕೊಂಡು ಗಿರಾಕಿಗಳ ಬೆನ್ನು ಬಿದ್ದೆ. ಮೊದಲು ಸಿಕ್ಕಿದವರು ಪಾಪ ಬೇಕರಿಯವರು. ನಿಮ್ಮ ಕೇಕಿನ ಫೋಟೋಗಳು ತುಂಬಾ ದಪ್ಪ ಎಂದು ಜಗಳ ತೆಗೆದು ಎಲ್ಲವನ್ನೂ ಸಣ್ಣ ಮಾಡಿಸಿದೆ. ಅವರ ಮೂರಂತಸ್ತಿನ ಕೇಕು ಈಗ ಬಿಸ್ಕತ್ತಿನಷ್ಟು ಕಾಣುತ್ತದೆ. ಆಮೇಲೆ ಹಾಡುಗಾರರು. ನಿಮ್ಮ ಹಾಡುಗಳೇ ಭಾರ, ಹತ್ತರಲ್ಲಿ ಎಂಟು ತೆಗೆಯಿರಿ ಎಂದೆ. ಅವರಲ್ಲಿ ಯಾವ ಎಂಟು ಎಂಬ ವಿಷಯಕ್ಕೆ ಹೊಡೆದಾಟವಾಗಿ ಇಬ್ಬರು ಗುಂಪನ್ನೇ ಬಿಟ್ಟರಂತೆ. ಇಷ್ಟಾದರೂ ಹತ್ತು ಗಂಟೆಯ ತೆವಳಾಟ ನಿಲ್ಲಲಿಲ್ಲ.

ಆಗ ದಾಖಲೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಲು ಕೂತೆ. ಯಾವ ಇಂಟರ್‌ನೆಟ್ ನಂಬರಿನಿಂದ ಯಾರು ಯಾವ ಹೊತ್ತಿಗೆ ಬಂದು ಯಾವ ಪುಟ ನೋಡಿದರು ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ನೋಡಿದರೆ ಬಂದವರಲ್ಲಿ ಮುಕ್ಕಾಲು ಪಾಲು ಒಂದೇ ನಂಬರಿನವರು! ಅರವತ್ತಮೂರು ವೆಬ್‌ಸೈಟಿನ ಒಂದೊಂದು ಪುಟವನ್ನೂ ತೆರೆದು, ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಕೇಕು ಕೊಳ್ಳುವುದಿಲ್ಲ, ಹಲ್ಲು ತೋರಿಸುವುದಿಲ್ಲ, ಸುಮ್ಮನೆ ಬಾಗಿಲು ತೆಗೆದು ಇಣುಕಿ ಹೋಗುವುದು. ದಾಳಿಕೋರ ಸಿಕ್ಕಿಬಿದ್ದ ಎಂದು ಕುರ್ಚಿಯಲ್ಲೇ ಕುಣಿದೆ.

ಆದರೆ ಮಾವ, ಎಂಥ ವಿಚಿತ್ರ ದಾಳಿಕೋರ! ಹತ್ತಕ್ಕೆ ಸರಿಯಾಗಿ ಡ್ಯೂಟಿಗೆ ಬರುತ್ತಾನೆ. ಹನ್ನೊಂದೂವರೆಗೆ ಹತ್ತು ನಿಮಿಷ ಕಾಣುವುದಿಲ್ಲ. ಒಂದರಿಂದ ಎರಡೂವರೆ ದಾಳಿ ಬಂದ್. ಭಾನುವಾರ ಪೂರ್ತಿ ರಜೆ. ಒಂದು ಗುರುವಾರವಂತೂ ಸುಳಿವೇ ಇಲ್ಲ. ಆ ಗುರುವಾರ ನಾನೇ ನಿಮ್ಮನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹನ್ನೊಂದೂವರೆಗೆ ನಿಮಗೆ ಚಹಾ ಕೊಡುತ್ತಿದ್ದವಳೂ ನಾನೇ. ಆದರೂ ಈ ಮಂಕುಬುದ್ಧಿಗೆ ಹೊಳೆಯಬೇಕಲ್ಲ. ಯಾವುದೋ ದೂರದ ದೇಶದ ಸರ್ಕಾರಿ ನೌಕರನಿರಬೇಕು ಎಂದು ನಿಮ್ಮ ಮಗನಿಗೆ ವಿವರಿಸಿದೆ. ಅವರೂ ಹೌದೆಂದು ತಲೆಯಾಡಿಸಿದರು, ಅವರ ಬುದ್ಧಿಯೂ ಅಷ್ಟರಲ್ಲೇ ಇದೆ.

ಶನಿವಾರ ಬೆಳಗ್ಗೆ ಹತ್ತೂವರೆಗೆ ಆ ನಂಬರಿಗೆ ಸರ್ವರಿನ ಬಾಗಿಲು ಹಾಕಿ ಚಿಲಕ ಜಡಿದೆ. ಮರುಕ್ಷಣ ನನ್ನ ಪರದೆಯ ಮೇಲೆ ಎಲ್ಲವೂ ನಿಂತುಹೋಯಿತು. ಒಂದು ವೆಬ್‌ಸೈಟೂ ತೆರೆಯುತ್ತಿಲ್ಲ. ಖಾತೆ ಮುಚ್ಚಿಯೇಬಿಟ್ಟರು ಎಂದುಕೊಂಡು ದೊಡ್ಡ ಕಂಪನಿಗೆ ಫೋನ್ ಹಚ್ಚಿದೆ. ಅಲ್ಲಿ ಯಾವಾಗಲೂ ಮಾತಿಗೆ ಸಿಗುವ ಹೆಂಗಸು ಸಮಾಧಾನವಾಗಿ ಎಲ್ಲ ಕೇಳಿಕೊಂಡು, ಎರಡು ನಿಮಿಷ ಏನನ್ನೋ ನೋಡಿ, ನಗು ತಡೆದುಕೊಂಡು ಹೇಳಿದರು: 'ಸರ್ವರ್ ಚೆನ್ನಾಗೇ ಓಡ್ತಿದೆ ಮೇಡಂ. ನೀವು ಬ್ಲಾಕ್ ಮಾಡಿರೋದು ನಿಮ್ಮ ಮನೆ ಇಂಟರ್‌ನೆಟ್ ನಂಬರನ್ನೇ.'

ಅದೇ ಹೊತ್ತಿಗೆ ನೀವು ಕನ್ನಡಕ ಹಣೆಗೇರಿಸಿಕೊಂಡು, ಉದ್ದನೆಯ ನೋಟ್‌ಬುಕ್ಕು ಎದೆಗವಚಿಕೊಂಡು ನನ್ನ ಬಾಗಿಲಿಗೆ ಬಂದು ನಿಂತಿರಿ. ನಿಮ್ಮ ಮುಖದಲ್ಲಿ ರಕ್ತವೇ ಇರಲಿಲ್ಲ.

'ಅಮ್ಮಾ, ಗಾಬರಿ ಆಗ್ಬೇಡ. ಅರವತ್ತಮೂರೂ ಡೆಡ್ ಆಗಿದೆ.'

ನಿಮ್ಮ ಹಿಂದೆಯೇ ನಿಮ್ಮ ಕೋಣೆಗೆ ಬಂದೆ. ನಿಮ್ಮ ಮಗ ಬಿಸಾಕಿದ್ದ ಹಳೇ ಲ್ಯಾಪ್‌ಟಾಪು ಮೇಜಿನ ಮೇಲೆ ಬಿಸಿಯಾಗಿ ಗುಂಯ್‌ಗುಡುತ್ತಿತ್ತು. ಕಂಪ್ಯೂಟರ್ ಅಂಗಡಿಯವರಿಂದ ಹಾಕಿಸಿಕೊಂಡ, ಪುಟಗಳನ್ನು ತಾನೇ ತೆರೆದು ನೋಡುವ, ನೀವು ಎದ್ದು ಹೋಗುವಾಗ ನಿಲ್ಲಿಸುತ್ತಿದ್ದ ಒಂದು ಪ್ರೋಗ್ರಾಮು, ಅರವತ್ತಮೂರರ ಪಟ್ಟಿ, ಒಂದೊಂದರ ಮುಂದೆಯೂ ಕೆಂಪು ಗುರುತು. ನನಗಿಂತ ಮೊದಲು ಗಿರಾಕಿಗೆ ಗೊತ್ತಾಗಬಾರದು ಎಂದು ನೀವು ವಾರಗಟ್ಟಲೆ ಕಾವಲು ಕೂತಿದ್ದಿರಿ. ಆ ಕಾವಲಿನ ಭಾರಕ್ಕೇ ಮನೆ ಕುಸಿಯುತ್ತಿತ್ತು.

ಹೇಳಬಹುದಿತ್ತು. ನಿಮ್ಮಷ್ಟು ಚೆನ್ನಾಗಿ ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ನಿಮ್ಮ ಮುಖ ನೋಡಿ ನಾಲಿಗೆ ಏಳಲಿಲ್ಲ. ಕಂಪನಿಯವರೇ ಏನೋ ರಿಪೇರಿ ಮಾಡುತ್ತಿದ್ದಾರೆ, ಇನ್ನು ಮುಂದೆ ಕಾವಲೂ ಅವರದೇ ಅಂತೆ, ನೀವು ನೋಡುವುದು ಬೇಡ ಮಾವ ಎಂದುಬಿಟ್ಟೆ. ನೀವು ಒಂದು ಕ್ಷಣ ಪರದೆ ನೋಡಿ, 'ಸರಿ ಬಿಡಮ್ಮ' ಎಂದು ಲ್ಯಾಪ್‌ಟಾಪು ಮುಚ್ಚಿದಿರಿ. ನಾನು ಹೋಗಿ ಚಿಲಕ ತೆಗೆದೆ, ಅಲ್ಲಿಂದ ಎಲ್ಲವೂ ಸರಾಗ. ಸೋಮವಾರ ಮುನ್ನೂರು ತಾಯಂದಿರೂ ಹತ್ತೇ ನಿಮಿಷದಲ್ಲಿ ಹೆಸರು ಬರೆಸಿಕೊಂಡರು. ದೊಡ್ಡ ಕಂಪನಿಗೆ ಇದ್ದದ್ದನ್ನು ಇದ್ದಂತೆ ಬರೆದೆ, ಎರಡು ಎಚ್ಚರಿಕೆಗಳನ್ನೂ ಅಳಿಸಿದರು. ಇದು ನನ್ನ ಸುಳ್ಳು.

ಇನ್ನು ನಿಮ್ಮದು. ಮಂಗಳವಾರ ಬೆಳಗ್ಗೆ, ಮಗಳು ತುಂಬಾ ಕರೆಯುತ್ತಿದ್ದಾಳೆ, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಬ್ಯಾಗು ಹಿಡಿದು ಹೊರಟಿರಿ. ಮೊನ್ನೆ ನಾದಿನಿಗೆ ಫೋನ್ ಮಾಡಿದೆ. 'ನಾನೆಲ್ಲಿ ಕರೆದೆ ಅತ್ತಿಗೆ? ಅಪ್ಪನೇ ಬಂದು ಬಾಗಿಲಲ್ಲಿ ನಿಂತ್ರು. ಬಂದಾಗಿಂದ ಮಾತೇ ಇಲ್ಲ' ಅಂದಳು. ಕೆಲಸ ಬೇಡ ಎಂದದ್ದಕ್ಕೆ ಬೇಜಾರಾಗಿ ಹೋಗಿದ್ದಾರೆ ಎಂದುಕೊಂಡು ನಿಮ್ಮ ಕೋಣೆಗೆ ಬಂದು ಆ ನೋಟ್‌ಬುಕ್ಕು ತೆಗೆದೆ. ಕೇಳದೆ ತೆಗೆದದ್ದು ತಪ್ಪು, ಹೊಟ್ಟೆಗೆ ಹಾಕಿಕೊಳ್ಳಿ.

ಕೆಂಪು ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಎಷ್ಟು ಚೊಕ್ಕಟವಾಗಿ ಬರೆದಿದ್ದೀರಿ! ದಿನಾಂಕ, ಹೊತ್ತು, ತೆರೆಯಲು ಹಿಡಿದ ಸೆಕೆಂಡು. ಕೊನೆಯ ಕಾಲಮ್ಮಿನ ತಲೆಬರಹ ನೋಡಿ ನಾನು ನಿಮ್ಮ ಮಂಚದ ಮೇಲೆ ಕೂತುಬಿಟ್ಟೆ. 'ಸೊಸೆಗೆ ಬೈಗುಳ.' ಗೋಡೆಯಾಚೆ ನಾನು ಫೋನಿನಲ್ಲಿ ಬೈಸಿಕೊಳ್ಳುವುದನ್ನು ನೀವು ದಿನವೂ ಎಣಿಸುತ್ತಿದ್ದಿರಿ. ಮೊದಲ ವಾರ ಗಂಟೆಗೊಮ್ಮೆ ಪರೀಕ್ಷೆ, ಬೈಗುಳ ಒಂದು. ಎರಡನೇ ವಾರ ಬೈಗುಳ ಮೂರಕ್ಕೇರಿತೆಂದು ಪರೀಕ್ಷೆ ಹತ್ತು ನಿಮಿಷಕ್ಕೊಮ್ಮೆ. ಆಮೇಲೆ ಬೈಗುಳ ಏಳು, ಪರೀಕ್ಷೆ ಎಡೆಬಿಡದೆ. ನನಗೆ ಬೈಗುಳ ಹೆಚ್ಚಿದಷ್ಟೂ ನೀವು ಹೆಚ್ಚು ನೋಡಿದಿರಿ, ನೀವು ಹೆಚ್ಚು ನೋಡಿದಷ್ಟೂ ನನಗೆ ಬೈಗುಳ ಹೆಚ್ಚಿತು. ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ ಮಾವ. ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಕೊನೆಯ ಪುಟದಲ್ಲಿ ಎರಡೇ ಸಾಲು. ಶನಿವಾರ: 'ಪರೀಕ್ಷೆ ನಿಲ್ಲಿಸಿದೆ. ಮಧ್ಯಾಹ್ನದಿಂದ ಎಲ್ಲವೂ ಚುರುಕು. ತೊಂದರೆ ನಮ್ಮ ಕಡೆಯದೇ.' ಸೋಮವಾರ: 'ಈಜು ಶಾಲೆ ಸುಸೂತ್ರ. ಬೈಗುಳ ಇಲ್ಲ.' ನಿಮಗೆ ಅವತ್ತೇ ಗೊತ್ತಾಗಿತ್ತು. ನಾನು ಸುಳ್ಳು ಹೇಳಿದ್ದೂ, ಯಾಕೆ ಹೇಳಿದೆ ಎಂಬುದೂ. ಸೋಮವಾರದ ದಾಖಲಾತಿ ಮುಗಿಯುವವರೆಗೆ ಕಾದು, ನನಗೆ ಮುಜುಗರವಾಗಬಾರದೆಂದು ಬ್ಯಾಗು ಹಿಡಿದು ಹೊರಟುಬಿಟ್ಟಿರಿ.

ಈಗ ನಿಮಗೆ ಗೊತ್ತಿಲ್ಲದ ವಿಷಯ ಹೇಳುತ್ತೇನೆ. ನೋಟ್‌ಬುಕ್ಕಿನ ಹಿಂಬದಿಯಲ್ಲಿ, ತಿಂಗಳ ವರದಿಗೆಂದು ನೀವು ಬರೆದಿಟ್ಟುಕೊಂಡಿದ್ದನ್ನೂ ಓದಿದೆ. ಪ್ರತಿ ವೆಬ್‌ಸೈಟಿನಲ್ಲಿರುವ ಫೋನ್ ನಂಬರಿಗೂ ಫೋನ್ ಮಾಡಿ ನೋಡಿದ್ದೀರಲ್ಲ! ಅರವತ್ತಮೂರರಲ್ಲಿ ಹನ್ನೊಂದು ತಪ್ಪು. 'ಬೀಗ ರಿಪೇರಿ: ಎತ್ತಿದವರು ದರ್ಜಿ. ಬೀಗ ಹೊಲಿಯಲ್ಲ ಅಂದರು.' ಆ ಹನ್ನೊಂದರಲ್ಲಿ ಎಂಟು ನಾನೇ ತಪ್ಪಾಗಿ ಹಾಕಿದವು. ನಿನ್ನೆ ಕೂತು ಎಲ್ಲವನ್ನೂ ಸರಿಮಾಡಿದೆ. ಎರಡು ವರ್ಷದಿಂದ ತಮ್ಮ ವೆಬ್‌ಸೈಟಿನಿಂದ ಒಂದು ಫೋನೂ ಬಂದಿಲ್ಲ ಎಂದು ಮುಖ ಊದಿಸಿಕೊಂಡಿದ್ದ ಬೀಗದವರಿಗೆ ಇವತ್ತು ಮಧ್ಯಾಹ್ನದೊಳಗೆ ಮೂರು ಫೋನು. ಇದನ್ನು ಕಂಡುಹಿಡಿದದ್ದು ನಮ್ಮ ಮಾವ ಎಂದೆ. ನಿಮ್ಮನ್ನು ನೋಡಬೇಕಂತೆ.

ಸರ್ವರ್ ಬದುಕಿದೆಯೋ ಇಲ್ಲವೋ ನೋಡಲು ಬೇರೊಂದು ಏರ್ಪಾಡು ಮಾಡಿದ್ದೇನೆ. ಐದು ನಿಮಿಷಕ್ಕೊಂದು ಸಲ ಮೆಲ್ಲಗೆ ಬಾಗಿಲು ತಟ್ಟಿ ಹೋಗುತ್ತದೆ. ಆದರೆ ಅದಕ್ಕೆ ಫೋನ್ ಮಾಡಲು ಬರುವುದಿಲ್ಲ. ದರ್ಜಿಯ ಜೊತೆ ಮಾತಾಡಲು ಬರುವುದಿಲ್ಲ. ಹಾಡುಗಾರರ ಪುಟದಲ್ಲಿ ಇನ್ನೂ ಹೋದ ವರ್ಷದ ತಾರೀಖೇ ಇದೆ ಎಂದು ಗುರುತು ಹಾಕಲು ಬರುವುದಿಲ್ಲ. ಆ ಕೆಲಸ ನಿಮ್ಮದು. ದಿನಕ್ಕೆ ಐದು ವೆಬ್‌ಸೈಟು, ನಿಮ್ಮ ಕಣ್ಣಿನಿಂದ, ನಿಮ್ಮ ಫೋನಿನಿಂದ. ಆ ಪ್ರೋಗ್ರಾಮನ್ನು ಮಾತ್ರ ಮುಟ್ಟಕೂಡದು. ಇದು ನಿಮಗೆ ಹೊತ್ತು ಹೋಗಲೆಂದು ಹುಡುಕಿದ ಕೆಲಸವಲ್ಲ, ನನಗೆ ಬೇಕಾಗಿದೆ ಮಾವ.

ನಿನ್ನೆಯಿಂದ ನೋಟ್‌ಬುಕ್ಕನ್ನು ನಾನು ತುಂಬುತ್ತಿದ್ದೇನೆ. ನಿಮ್ಮ ಕಾಲಮ್ಮನ್ನೂ ಬಿಟ್ಟಿಲ್ಲ. ಇವತ್ತಿನದು ಹೀಗಿದೆ: ಅರವತ್ತಮೂರೂ ಚುರುಕು. ಸೊಸೆಗೆ ಬೈಗುಳ, ಒಂದು. ಬೈದವರು ಅತ್ತೆ. ಕಾರಣ, ಮಾವ ಇನ್ನೂ ಮನೆಗೆ ಬಂದಿಲ್ಲ. ರಿಪೇರಿ ಬಾಕಿ.

ನಾದಿನಿಗೆ ನನ್ನ ಪ್ರೀತಿ ತಿಳಿಸಿ. ನಿಮ್ಮ ಆಶೀರ್ವಾದ ಸದಾ ನಮ್ಮ ಮೇಲಿರಲಿ, ಆದರೆ ಈ ಸಲ ಅದನ್ನು ಅಂಚೆಯಲ್ಲಿ ಕಳಿಸದೆ ನೀವೇ ತಂದುಕೊಡಿ.

ಗೋಡೆಯ ಈಚೆ ಕಡೆಯಿಂದ,
ನಿಮ್ಮ ಸೊಸೆ