ಬಾರದ ಬಾಣಸಿಗನಿಗೆ

ಗುರುವಾರ, ಸಂಜೆ ನಾಲ್ಕೂವರೆ
ಶಾಲೆಯ ಸ್ಟಾಫ್ ರೂಮ್

ಶ್ರೀಮಾನ್ ಬಾಣಸಿಗರಿಗೆ,

‘ಪ್ರೀತಿಯ’ ಅಂತ ಬರೆಯಲು ಕೈ ಹೋಯಿತು, ತಡೆದುಕೊಂಡೆ. ಕ್ಷೇಮ ಸಮಾಚಾರ ಕೇಳುವಷ್ಟು ವ್ಯವಧಾನವೂ ಇವತ್ತು ನನಗಿಲ್ಲ. ಫೋನಿನಲ್ಲಿ ಮೂರನೇ ಮಾತಿಗೇ ಇಬ್ಬರೂ ಕಿರುಚುತ್ತೇವೆ ಅಂತ ತಾನೇ, ಬೇರೆಯಾದ ಮೇಲೆ ಎಲ್ಲವನ್ನೂ ಕಾಗದದಲ್ಲಿ ಬರೆದು, ಭಾನುವಾರ ನಿಮ್ಮಲ್ಲಿಗೆ ಬರುವ ಮಗಳು ಕುಳ್ಳಿಯ ಚೀಲದಲ್ಲಿ ಇಡುತ್ತಿರುವುದು? ಇದೂ ಹಾಗೇ ಬರುತ್ತದೆ. ಕೂತು ಓದಿ.

ಮಗಳ ತರಗತಿಗೆ ನಾನೇ ಟೀಚರು ಅನ್ನುವುದನ್ನು ನೀವು ಮರೆತಿರಲಾರಿರಿ. ಈ ವಾರ ಚೀನೀ ಅಡುಗೆಯ ಪಾಠ. ಚೀನೀ ಊಟ ಅಂದರೆ ಬರೀ ನೂಡಲ್ಸ್ ಅಲ್ಲ ಅಂತ ಐದು ವರ್ಷದ ಇಪ್ಪತ್ತೆರಡು ಮಕ್ಕಳಿಗೆ ತಿಳಿಸಬೇಕಿತ್ತು. ಸೋಮವಾರ ನಾಲ್ಕು ತಟ್ಟೆ ಇಟ್ಟೆ. ಹಬೆಯಲ್ಲಿ ಬೇಯುವ ಬನ್ನು, ನೀರಿನಲ್ಲಿ ಬೇಯುವ, ಕಡುಬಿನಂಥ ಡಂಪ್ಲಿಂಗ್, ಎಣ್ಣೆಯಲ್ಲಿ ಕರಿಯುವ ಸ್ಪ್ರಿಂಗ್ ರೋಲ್, ದೊಡ್ಡ ಬಾಣಲೆಯಲ್ಲಿ ಹುರಿಯುವ ಅನ್ನ. ಎಲ್ಲವೂ ಬಣ್ಣದ ಬಟ್ಟೆಯಲ್ಲಿ ನಾನೇ ಹೊಲಿದದ್ದು. ಮಂಗಳವಾರ ಎರಡು ಕಡ್ಡಿಗಳ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟು ಹತ್ತಿಯುಂಡೆ ಎತ್ತಿಸಿದೆ. ಒಬ್ಬ ಮಹಾನುಭಾವ ಅದರಲ್ಲಿ ಪಕ್ಕದವಳ ಮೂಗು ಹಿಡಿದ. ಬುಧವಾರ, ಚೀನಾದಲ್ಲೂ ಹುಷಾರಿಲ್ಲದ ಮಕ್ಕಳಿಗೆ ಅಕ್ಕಿ ಗಂಜಿಯನ್ನೇ ಕೊಡುತ್ತಾರೆ ಅಂದಾಗ ಇಡೀ ತರಗತಿ ‘ಅಯ್ಯೋ ಪಾಪ’ ಅಂದಿತು.

ಇವತ್ತು ಹನ್ನೊಂದಕ್ಕೆ ನೀವು ಬಂದು ಡಂಪ್ಲಿಂಗ್ ಮಡಿಸಿ ತೋರಿಸಬೇಕಿತ್ತು. ಚೀನೀ ಹೋಟೆಲಿನ ಅಡುಗೆಮನೆಯಲ್ಲಿ ಹನ್ನೆರಡು ವರ್ಷ ಬೆವರು ಸುರಿಸಿದವರು ಮಗುವಿನ ಅಪ್ಪನೇ ಆಗಿರುವಾಗ ಬೇರೆಯವರನ್ನು ಯಾಕೆ ಕರೆಯಲಿ ಅಂತ, ಮನಸ್ಸಿಲ್ಲದಿದ್ದರೂ ಕರೆದೆ. ಖಂಡಿತ ಬರುತ್ತೇನೆ ಅಂತ ನಿಮ್ಮ ಚೀಟಿಯೂ ಬಂತು.

ಹತ್ತೂವರೆಯಿಂದ ಏಪ್ರನ್ ಕಟ್ಟಿಕೊಂಡು ತರಗತಿಯ ಬಾಗಿಲಲ್ಲೇ ನಿಂತಿದ್ದ ಮಗುವನ್ನು ನೀವು ನೋಡಬೇಕಿತ್ತು. ಹನ್ನೊಂದೂವರೆಯಾಯಿತು, ಹನ್ನೆರಡಾಯಿತು. ಕೊನೆಗೆ ನಾನೇ ಮಡಿಸಿದೆ. ಕುದಿಯುವ ನೀರಿಗೆ ಬಿಟ್ಟದ್ದೇ ತಡ, ಎಲ್ಲವೂ ಬಾಯಿ ಬಿಟ್ಟವು. ಕೋಸು ಒಂದು ಕಡೆ, ಹಿಟ್ಟು ಒಂದು ಕಡೆ. ನಮ್ಮಪ್ಪ ಮಾಡಿದ್ದು ಹೀಗೆ ಬಿಚ್ಕೊಳ್ಳಲ್ಲ ಅಂದಳು ಕುಳ್ಳಿ. ಮುಂದಿನ ಸಾಲಿನ ಹುಡುಗಿ ಥಟ್ಟನೆ, ಹೋಗೇ ಸುಳ್ಳಿ, ನಿಂಗೆ ಅಪ್ಪಾನೇ ಇಲ್ಲ ಅಂದುಬಿಟ್ಟಳು. ನನ್ನ ಮಗಳು ಅಳಲಿಲ್ಲ. ಏಪ್ರನ್ ಬಿಚ್ಚಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟು ಹೋಗಿ ಕೂತಳು. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ನನಗೆ ಕೈ ಕೊಟ್ಟಿದ್ದರೆ ಸಹಿಸುತ್ತಿದ್ದೆ, ಅದು ನನಗೆ ಅಭ್ಯಾಸವಾಗಿದೆ. ಆರ್ಡರ್ ಜಾಸ್ತಿ ಇತ್ತು ಅನ್ನುವ ಹಳೇ ರಾಗ ಮಾತ್ರ ಎಳೆಯಬೇಡಿ. ನಿಮ್ಮ ನಂಬರನ್ನು ನಾನು ಬ್ಲಾಕ್ ಮಾಡಿರುವುದು ನಿಜ. ಆದರೆ ಶಾಲೆಗೆ ಫೋನ್ ಇಲ್ಲವೇ? ಹುಟ್ಟಿದ ಮಗುವನ್ನು ನೋಡಲೂ ಎರಡು ದಿನ ತಡವಾಗಿ, ಮೈತುಂಬ ಸೋಯಾ ಸಾಸಿನ ವಾಸನೆ ಹೊತ್ತು ಬಂದವರು ನೀವು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಮ್ಮನೆ ಅಲ್ಲ.

ಆದ್ದರಿಂದ ಈ ಭಾನುವಾರವೇ ಕೊನೆ. ಆಮೇಲೆ ಕುಳ್ಳಿ ನಿಮ್ಮಲ್ಲಿಗೆ ಬರುವುದಿಲ್ಲ. ಅಪ್ಪ ಬರುತ್ತಾರೆ ಅಂತ ಬಾಗಿಲು ಕಾಯುವ ಕೆಲಸ ನನ್ನ ಮಗಳಿಗೆ ಬೇಡ. ಕೋರ್ಟಿಗೆ ಹೋಗುತ್ತೀರಾ, ಧಾರಾಳವಾಗಿ ಹೋಗಿ.

ಇತಿ,
ನಿಮ್ಮವಳಲ್ಲದ,
ಕುಳ್ಳಿಯ ಅಮ್ಮ

ಮರುದಿನ ಸೇರಿಸಿದ್ದು: ಬೆಳಗ್ಗೆ ಗೇಟಿನಲ್ಲಿ ವಾಚ್‌ಮನ್ ಎದೆಯುಬ್ಬಿಸಿಕೊಂಡು ಹೇಳಿದರು, ನಿನ್ನೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆ ಮನುಷ್ಯ ಬಂದಿದ್ರು ಮೇಡಂ, ನೀವು ಹೇಳಿದ ಹಾಗೇ ಒಳಗೆ ಬಿಡಲಿಲ್ಲ ಅಂತ. ಮಕ್ಕಳನ್ನು ಯಾರ ಕೈಗೆ ಕೊಡಬಾರದು ಅನ್ನುವ ಪಟ್ಟಿ ಅವರ ಕೋಣೆಯ ಗೋಡೆಯ ಮೇಲಿದೆ. ನಾವು ಬೇರೆಯಾದ ವಾರ ಅದರಲ್ಲಿ ನಿಮ್ಮ ಫೋಟೋ ಅಂಟಿಸಿದವಳು ನಾನೇ. ತೆಗೆಸುವುದು ಮರೆತೇಹೋಗಿತ್ತು. ಮೇಡಂ ಅವರೇ ಕರೆದಿದ್ದಾರೆ ಅಂದಿರಂತೆ ನೀವು. ಬಿಡಬೇಡಿ ಅಂದಿರೋದೂ ಮೇಡಂ ಅವರೇ ಅಂದರಂತೆ ಅವರು. ಕರೆದು ಅವಮಾನ ಮಾಡಿದಳು ಅಂದುಕೊಂಡಿರಬೇಕು. ಆದರೂ ಒಂದು ಗಂಟೆ ಎದುರಿನ ಫುಟ್‌ಪಾತಿನಲ್ಲೇ ನಿಂತಿದ್ದಿರಂತೆ. ನೀವು ವಾಚ್‌ಮನ್ ಬಳಿ ಬಿಟ್ಟುಹೋದ ಡಬ್ಬಿ ತೆರೆದೆ. ಒದ್ದೆ ಬಟ್ಟೆಯೊಳಗೆ ಇಪ್ಪತ್ತೆರಡು ಪುಟ್ಟ ಹಿಟ್ಟಿನುಂಡೆಗಳು, ಒಣಗಿ ಬಿರುಕು ಬಿಟ್ಟಿವೆ.

ಫೋಟೋ ಕಿತ್ತು ತಂದೆ. ಅಪ್ಪ ಬಂದಿದ್ದರು, ಗೇಟು ಹಾಕಿಸಿದ್ದು ಅಮ್ಮನೇ ಅಂತ ಕುಳ್ಳಿಗೂ ಹೇಳಿದೆ. ಇವತ್ತು ಅವಳು ನನ್ನ ಪಕ್ಕ ಕೂತು ಊಟ ಮಾಡಲಿಲ್ಲ. ಭಾನುವಾರ ನಿಮ್ಮಲ್ಲಿಗೆ ಬರುತ್ತಾಳೆ, ಅದರ ಮುಂದಿನ ಭಾನುವಾರವೂ. ಈ ಕಾಗದವನ್ನು ಹರಿದು ಹಾಕಬಹುದಿತ್ತು, ಹಾಕಲಿಲ್ಲ. ಗೇಟು ಮುಚ್ಚಿಸಿದವಳು ನಾನೇ ಆಗಿ, ನೀವು ಬರಲಿಲ್ಲ ಅಂತ ಎಷ್ಟು ಸಲೀಸಾಗಿ ಬರೆದಿದ್ದೇನೆ ನೋಡಿ.