ಹಬ್ಬದ ಊಟ ತಡವಾದದ್ದಕ್ಕೆ ಕಾರಣ

ಕಲ್ಲಕುದ್ರು, ಕಾಪು
10 ಸೆಪ್ಟೆಂಬರ್ 2025

ಪ್ರೀತಿಯ ವನೆಸ್ಸಾ,

ದೇವರು ನಿನಗೆ ಒಳ್ಳೆಯದು ಮಾಡಲಿ, ನನಗೆ ತಾಳ್ಮೆ ಕೊಡಲಿ.

ನಿನ್ನೆ ಫೋನಿನಲ್ಲಿ ಬೈಯುವಾಗ ನೀನು ಉಸಿರು ತೆಗೆಯಲೂ ನಿಲ್ಲಲಿಲ್ಲ. ನಾನು ಉತ್ತರ ಕೊಡುವುದು ಯಾವಾಗ? ಹಾಗಾಗಿ ಬರೆಯುತ್ತಿದ್ದೇನೆ. ವಿತ್ ರೆಫರೆನ್ಸ್ ಟು ದಿ ಅಬೋವ್, ಮೊನ್ನೆ ಮೊಂತಿ ತೆನೆಹಬ್ಬದ ದಿನ ನೀನು ಟೂರಿಗೆ ಕಳಿಸಿದ ಅತಿಥಿಗಳಿಗೆ ಮಧ್ಯಾಹ್ನದ ಊಟ ಮೂರು ಗಂಟೆಗೆ ಬಡಿಸಿದ್ದು ನಿಜ. ಅವರಲ್ಲೊಬ್ಬರು ಇಂಟರ್‌ನೆಟ್ಟಿನಲ್ಲಿ ದ್ವೀಪದ ಸೀನರಿಗೆ ಐದು ಸ್ಟಾರ್, ಊಟಕ್ಕೆ ಎರಡು ಎಂದು ಬರೆದದ್ದೂ ನಿಜ. ಆದರೆ ತಪ್ಪು ಯಾರದ್ದು ಮಾರಾಯ್ತಿ?

ಇಂಜಿನ್ ಸದ್ದಿಗೆ ಕೊಕ್ಕರೆಗಳು ಹೆದರುತ್ತವೆ ಎಂದು ದೋಣಿಯ ಇಂಜಿನ್ ಬಿಚ್ಚಿಸಿದವಳು ನೀನು. ಒಪ್ಪಿದೆ. ಕೊಕ್ಕರೆಗಳು ಈಗ ಬಾವಿಕಟ್ಟೆಯ ಮೇಲೇ ಬಂದು ಕೂರುತ್ತವೆ. ಆದರೆ ಹೊಳೆಯ ನೀರು ಇಳಿಯುವಾಗ ಅತಿಥಿಗಳನ್ನು ಕೂರಿಸಿಕೊಂಡು ಉದ್ದ ಕೋಲು ಊರಿ ದಾಟಿಸಬೇಕಾದವನು ರೋನಿ. ನಿಮ್ಮ ಮಗಳಿಗೆ ಕೊಕ್ಕರೆ ಮುಖ್ಯವಾ, ನನ್ನ ಬೆನ್ನು ಮುಖ್ಯವಾ ಎಂದು ಅವನು ಕೇಳುತ್ತಾನೆ. ಎಂತ ಹೇಳಲಿ?

ಇನ್ನು ಅಡುಗೆಮನೆ. ಮಿಕ್ಸಿ ಕೂಡದು, ಫ್ರಿಜ್ಜಿಗೆ ಚಾಪೆ ಹೊದೆಸಬೇಕು, ಮಸಾಲೆ ಕಲ್ಲಿನಲ್ಲೇ ಅರೆಯಬೇಕು. ಆಥೆಂಟಿಕ್! ಮಿಕ್ಸಿ ಮನೆಗೆ ಬಂದ ದಿನ ನಿನ್ನ ಮಮ್ಮಿ ಆ ಕಲ್ಲಿಗೆ ಕೈಮುಗಿದವಳು ಮತ್ತೆ ಅದರ ಮುಖ ನೋಡಲಿಲ್ಲ. ನನ್ನ ಕ್ಲಾರಾ ಬದುಕಿದ್ದಿದ್ದರೆ ಕಲ್ಲನ್ನು ಹೊಳೆಗೆ ಹಾಕಿ, ಹುಡುಕಿ ತಾ ಎಂದು ನಿನ್ನನ್ನೂ ಕಳಿಸುತ್ತಿದ್ದಳು. ಈಗ ಅರೆಯುವವನು ನಾನು. ಲೇಟಾಗದೆ ಇನ್ನೇನು? ಗ್ಯಾಸ್ ಕೂಡ ಸರಿಯಾಗಿ ಉರಿಯುತ್ತಿರಲಿಲ್ಲ, ಅದನ್ನೂ ಬರೆದುಕೋ.

ಮೈಸೂರಿನಿಂದ ಬಂದಿದ್ದ ಚೈತನ್ಯಾ ಎಂಬವರು ಅಡುಗೆಮನೆಗೆ ಎರಡು ಸಲ ಬಂದು ಇಣುಕಿದರು. ಅಂಕಲ್, ಎಲ್ಲಾ ರೆಡಿ ಇದೆಯಲ್ಲ, ಇನ್ನೂ ಯಾರಿಗೆ ಕಾಯ್ತಿದ್ದೀರಿ ಎಂದರು. ನಾನು ಕೆಸುವಿನ ದಂಟನ್ನು ಇನ್ನೊಮ್ಮೆ ಕುದಿಸಿದೆ.

ನಿನ್ನ ಕರಪತ್ರದಲ್ಲಿ 'ದ್ವೀಪದ ಕ್ರೈಸ್ತ ಕುಟುಂಬದೊಂದಿಗೆ ಹೊಸ ಅಕ್ಕಿಯ ಊಟ' ಎಂದು ಉಂಟು. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳು ಸುಲಿದು, ಹಾಲಿಗೆ ಹಾಕಿ, ಮನೆಯವರೆಲ್ಲ ಕೂತ ಮೇಲೆಯೇ ಬಾಯಿಗಿಡುವುದು ಎಂದೂ ನೀನೇ ಚೆನ್ನಾಗಿ ಬರೆದಿದ್ದೀ. ಓದಿ ಖುಷಿಯಾಯಿತು. ಕುಟುಂಬ ಎಂದರೆ ನಾನೊಬ್ಬನೇ ಸಾಕಾ ಎಂದು ನಾನು ಕೇಳುವುದಿಲ್ಲ. ಅವತ್ತು ನಿನಗೆ ಮಣಿಪಾಲದಲ್ಲಿ ಅತಿಥಿಗಳ ಇನ್ನೊಂದು ತಂಡ ಇತ್ತು. ಬಿಸಿನೆಸ್ ಈಸ್... ಏನೋ ಒಂದು, ಕಾಲೇಜಿನಲ್ಲಿ ಕಲಿತದ್ದು ಮರೆತುಹೋಯಿತು.

ಶನಿವಾರದ ಅತಿಥಿಗಳನ್ನು ಕಳಿಸು. ಒಂದು ಗಂಟೆಗೆ ಸರಿಯಾಗಿ ಬಡಿಸುತ್ತೇನೆ. ಅವತ್ತು ಹಬ್ಬವಿಲ್ಲವಲ್ಲ.

ಬೆನ್ನುನೋವಿನೊಂದಿಗೆ ಆಶೀರ್ವಾದ,
ನಿನ್ನ ಪಪ್ಪ,
ಮೌರಿಸ್

ತಾಜಾ ಕಲಂ: ಗ್ಯಾಸ್ ಸರಿಯಾಗಿಯೇ ಉಂಟು. ಅತಿಥಿಗಳು ಇಳಿದ ಮೇಲೆ ದೋಣಿಗೆ ಇಂಜಿನ್ ಕಟ್ಟಿಸಿ ರೋನಿಯನ್ನು ಪುನಃ ಆಚೆ ದಡಕ್ಕೆ ಕಳಿಸಿದ್ದೆ. ಮೂರು ಗಂಟೆಯವರೆಗೆ ಅವನು ರಸ್ತೆ ನೋಡುತ್ತ ಅಲ್ಲೇ ಕೂತಿದ್ದ. ಈ ಕಾಗದದ ಮಡಿಕೆಯಲ್ಲಿ ನಿನ್ನ ಪಾಲಿನ ಹೊಸ ಅಕ್ಕಿ ಉಂಟು, ಚೆಲ್ಲಬೇಡ. ನಿನ್ನ ಅಣ್ಣ ಡೆರಿಕ್‌ನ ಪಾಲು ಪ್ರತಿವರ್ಷ ದುಬೈಗೆ ಪೋಸ್ಟಿನಲ್ಲಿ ಹೋಗುತ್ತದೆ. ಮಣಿಪಾಲಕ್ಕೆ ಇದೇ ಮೊದಲು. ನನ್ನ ಪಕ್ಕದ ಖಾಲಿ ಎಲೆ ನೋಡಿ ಚೈತನ್ಯಾ ಅವರು, ಮಗಳು ಫಾರಿನ್ನಲ್ಲಿದ್ದಾರಾ ಅಂಕಲ್ ಎಂದು ಕೇಳಿದರು. ಹೌದು ಎಂದೆ.